ಮನೆಯಲ್ಲೇ ಮೈಗ್ರೇನ್ ನಿರ್ವಹಣೆ: ಕೊಡಗಿನ ಮಳೆ, ಕಾಫಿ ಮತ್ತು ದಿನಚರಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಮೈಗ್ರೇನ್ ಇರುವವರ ಮಿದುಳು ಏರುಪೇರನ್ನು ಸಹಿಸುವುದಿಲ್ಲ. ಊಟ ಎರಡು ಗಂಟೆ ತಡವಾದರೂ, ನಿದ್ರೆ ಎರಡು ಗಂಟೆ ಹೆಚ್ಚಾದರೂ, ದಿನವೂ ಕುಡಿಯುವ ಕಾಫಿ ಒಂದು ದಿನ ತಪ್ಪಿದರೂ ಅದು ತಕರಾರು ತೆಗೆಯುತ್ತದೆ. ಕೊಡಗಿನ ಬದುಕಿನಲ್ಲಿ ಇಂತಹ ಏರುಪೇರುಗಳು ವರ್ಷವಿಡೀ ಇರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಫಿ ಕುಯ್ಲಿನಲ್ಲಿ ತಿಂಡಿಗೆ ಹೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಿಸಿಲಿಲ್ಲ, ಓಡಾಟವಿಲ್ಲ. ಹಬ್ಬದ ರಾತ್ರಿಗಳಲ್ಲಿ ನಿದ್ರೆಯಿಲ್ಲ. ಆದುದರಿಂದ ತಲೆನೋವಿಗೆ ಕಾರಣವಾಗುವ ಒಂದೊಂದೇ ವಸ್ತುವನ್ನು ಹುಡುಕಿ ಅದರಿಂದ ಓಡುವುದಕ್ಕಿಂತ ದಿನವನ್ನು ಸಮತಟ್ಟಾಗಿಸಿಕೊಳ್ಳುವುದೇ ಮನೆಮದ್ದುಗಳಲ್ಲೆಲ್ಲ ಮೊದಲನೆಯದು ಎಂಬುದು ಈ ಬರಹದ ನಿಲುವು. ಉಳಿದ ಉಪಾಯಗಳು ಅದರ ಜೊತೆಗೆ ಸೇರಿದಾಗ ಮಾತ್ರ ಫಲ ಕೊಡುತ್ತವೆ.

ತಲೆಯ ರಕ್ತನಾಳಗಳು ಹಿಗ್ಗುವುದರಿಂದಲೇ ಮೈಗ್ರೇನ್ ಬರುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. ಇಂದಿನ ತಿಳಿವಳಿಕೆಯ ಪ್ರಕಾರ ಇದು ಮೂಲತಃ ನರಮಂಡಲದ ತೊಂದರೆ. ಮುಖ ಮತ್ತು ತಲೆಯ ಸಂವೇದನೆಯನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ಪ್ರೋಟೀನ್ ತುಣುಕನ್ನು ಬಿಡುಗಡೆ ಮಾಡುತ್ತವೆ. ಮಿದುಳಿನ ಪೊರೆಗಳ ಸುತ್ತ ನೋವಿನ ಸಂಕೇತ ಬಲಗೊಳ್ಳುತ್ತದೆ. ನಿದ್ರೆ, ಹಸಿವು, ಬಾಯಾರಿಕೆಗಳನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಭಾಗವು ನೋವು ಶುರುವಾಗುವುದಕ್ಕೆ ಬಹಳ ಮುಂಚೆಯೇ ಚುರುಕಾಗಿರುತ್ತದೆ. ನಿದ್ರೆ ಮತ್ತು ಊಟದ ಹೊತ್ತಿಗೆ ಇಷ್ಟು ಮಹತ್ವ ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಹೆಜ್ಜೆ: ಇದು ಮೈಗ್ರೇನ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಚಿಕಿತ್ಸೆ ಮಾಡದಿದ್ದರೆ ವಯಸ್ಕರಲ್ಲಿ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ನೋವು ಹೆಚ್ಚಾಗಿ ತಲೆಯ ಒಂದು ಬದಿಯಲ್ಲಿ, ನಾಡಿ ಬಡಿದಂತೆ ಮಿಡಿಯುತ್ತದೆ; ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಜಾಸ್ತಿಯಾಗುತ್ತದೆ. ಜೊತೆಗೆ ವಾಕರಿಕೆ ಅಥವಾ ವಾಂತಿ ಇರುತ್ತದೆ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಅಸಹನೀಯವಾಗುತ್ತವೆ. ಇಂತಹ ಬಾಧೆ ಕನಿಷ್ಠ ಐದು ಬಾರಿ ಬಂದು ಹೋದ ಮೇಲೆಯೇ ವೈದ್ಯರು ಮೈಗ್ರೇನ್ ಎಂದು ಹೆಸರಿಡುತ್ತಾರೆ. ಕೆಲವರಿಗೆ ನೋವಿಗೆ ಮೊದಲು 5 ನಿಮಿಷದಿಂದ 60 ನಿಮಿಷದವರೆಗೆ ಕಣ್ಣ ಮುಂದೆ ಅಂಕುಡೊಂಕಾದ ಹೊಳೆಯುವ ಗೆರೆಗಳು, ಕುರುಡು ಚುಕ್ಕೆಗಳು ಕಾಣಿಸುತ್ತವೆ ಅಥವಾ ಕೈಯಿಂದ ಮುಖದವರೆಗೆ ಜುಮ್ಮೆನ್ನುವ ಅನುಭವವಾಗುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ.

ಮಳೆನಾಡಿನಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಹಣೆ ಮತ್ತು ಕೆನ್ನೆ ಭಾರವಾಗಿ, ಮೂಗು ಕಟ್ಟಿ, ಕಣ್ಣಲ್ಲಿ ನೀರು ಬಂದರೆ ಅದನ್ನು ‘ಸೈನಸ್’ ಅಥವಾ ‘ಶೀತದ ತಲೆನೋವು’ ಎಂದು ಕರೆದು, ಹಬೆ ತೆಗೆದುಕೊಂಡು, ಆಂಟಿಬಯಾಟಿಕ್ ನುಂಗಿ ವರ್ಷಗಳನ್ನು ಕಳೆಯುವವರಿದ್ದಾರೆ. ಮೈಗ್ರೇನ್‌ನಲ್ಲಿಯೂ ಮೂಗು ಕಟ್ಟುವುದು, ಕಣ್ಣೀರು ಬರುವುದು ಸಾಮಾನ್ಯ. ಜ್ವರವಿಲ್ಲದೆ, ಹಳದಿ ಅಥವಾ ಹಸಿರು ಸಿಂಬಳವಿಲ್ಲದೆ, ವಾಕರಿಕೆ ಮತ್ತು ಬೆಳಕಿನ ಕಿರಿಕಿರಿಯೊಂದಿಗೆ ಮತ್ತೆ ಮತ್ತೆ ಬರುವ ‘ಸೈನಸ್ ತಲೆನೋವು’ ಬಹುತೇಕ ಮೈಗ್ರೇನ್ ಆಗಿರುತ್ತದೆ.

ಮನೆಯಲ್ಲಿ ಕಾಯಬಾರದ ತಲೆನೋವುಗಳು

ಇದ್ದಕ್ಕಿದ್ದಂತೆ ಸಿಡಿಲು ಬಡಿದಂತೆ ಒಂದೇ ನಿಮಿಷದೊಳಗೆ ತುದಿಗೇರಿದ ನೋವು. ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು. ಕೈಕಾಲಿನ ಬಲಹೀನತೆ, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಗೊಂದಲ, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು. ಗರ್ಭಿಣಿಯಲ್ಲಿ ಅಥವಾ ಬಾಣಂತಿಯಲ್ಲಿ ಕಾಣಿಸಿದ ತೀವ್ರ ತಲೆನೋವು. ಕೆಮ್ಮಿದಾಗ, ಮಲಗಿದಾಗ ಜಾಸ್ತಿಯಾಗಿ ವಾರದಿಂದ ವಾರಕ್ಕೆ ಏರುತ್ತಿರುವ ನೋವು. ಇವುಗಳಲ್ಲಿ ಯಾವುದೊಂದು ಕಂಡರೂ ಈ ಬರಹವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಪರಿಸ್ಥಿತಿ ತುರ್ತಾಗಿದ್ದರೆ 108ಕ್ಕೆ ಕರೆ ಮಾಡಬೇಕು. ತೋಟದ ಒಳಗಿನ ಮನೆಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ತಲುಪುವುದು ತಡವಾಗಬಹುದಾದುದರಿಂದ ಮುಖ್ಯ ರಸ್ತೆಯವರೆಗೆ ಕರೆತರಲು ಯಾವ ಜೀಪು, ಯಾರ ನೆರವು ಎಂಬುದನ್ನು ಮೊದಲೇ ಯೋಚಿಸಿಟ್ಟಿರುವುದು ಜಾಣತನ.

ಕೊಡಗಿಗೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಲೇಬೇಕು. ಮಳೆಗಾಲದಲ್ಲಿ ಜ್ವರ ಮತ್ತು ಮೈಕೈ ನೋವಿನೊಂದಿಗೆ ಬರುವ ತಲೆನೋವು ಡೆಂಗಿ ಅಥವಾ ಇಲಿಜ್ವರವಾಗಿರಬಹುದು. ಆಗ ಐಬುಪ್ರೊಫೆನ್, ಆಸ್ಪಿರಿನ್‌ನಂತಹ ಮಾತ್ರೆಗಳನ್ನು ನುಂಗದೆ ರಕ್ತ ಪರೀಕ್ಷೆ ಮಾಡಿಸಬೇಕು. ಎರಡನೆಯದು, ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಕಿಟಕಿ ಬಾಗಿಲು ಮುಚ್ಚುವ ಅಭ್ಯಾಸ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು ಮತ್ತು ವಾಕರಿಕೆ. ಮನೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದರೆ ಅದು ಮೈಗ್ರೇನ್ ಅಲ್ಲ. ತಕ್ಷಣ ಎಲ್ಲರೂ ಹೊರಗೆ ಬರಬೇಕು, ನಂತರ ವೈದ್ಯರನ್ನು ಕಾಣಬೇಕು.

ಎರಡನೆಯ ಹೆಜ್ಜೆ: ನೋವಿನ ಮೊದಲ ಗಂಟೆ

ಮೈಗ್ರೇನ್ ಏಕಾಏಕಿ ಬರುವಂತೆ ತೋರಿದರೂ ಅದು ಮುನ್ಸೂಚನೆ ಕೊಡುತ್ತದೆ. ಹಿಂದಿನ ದಿನವೇ ಮೇಲಿಂದ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಕಾರಣವಿಲ್ಲದ ಸಿಡುಕು, ಸಿಹಿ ತಿನ್ನಬೇಕೆಂಬ ಆಸೆ, ಪದೇ ಪದೇ ಮೂತ್ರ ಬರುವುದು ಇತ್ಯಾದಿ ಕಾಣಿಸಬಹುದು. ತಮ್ಮ ಮುನ್ಸೂಚನೆ ಯಾವುದು ಎಂದು ಗುರುತಿಸಿಕೊಂಡವರು ಅರ್ಧ ಗೆದ್ದಂತೆ, ಏಕೆಂದರೆ ಮೈಗ್ರೇನ್‌ಗೆ ಮಾಡುವ ಯಾವ ಉಪಚಾರವೂ ನೋವು ಎಳೆಯದಾಗಿರುವಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ‘ಇನ್ನೂ ಸ್ವಲ್ಪ ನೋಡೋಣ’ ಎಂದು ಮಧ್ಯಾಹ್ನದವರೆಗೆ ತಳ್ಳಿದರೆ ಹೊಟ್ಟೆಯ ಚಲನೆ ನಿಧಾನವಾಗಿ, ನುಂಗಿದ ಔಷಧವೂ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ನೋವಿನ ಸುಳಿವು ಸಿಕ್ಕ ಕೂಡಲೇ ಒಂದು ದೊಡ್ಡ ಲೋಟ ನೀರು ಕುಡಿಯಿರಿ. ಊಟ ಮಾಡಿ ಮೂರು ಗಂಟೆಗಿಂತ ಹೆಚ್ಚಾಗಿದ್ದರೆ ಗಂಜಿ, ಬಾಳೆಹಣ್ಣು, ಒಂದು ತುಂಡು ಅಕ್ಕಿ ರೊಟ್ಟಿ, ಹೀಗೆ ಹಗುರವಾದ ಏನನ್ನಾದರೂ ತಿನ್ನಿ. ನಂತರ ಕೋಣೆಯನ್ನು ಕತ್ತಲಾಗಿಸಿ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು, ತಲೆಯನ್ನು ತುಸು ಎತ್ತರದಲ್ಲಿರಿಸಿ ಮಲಗಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹಣೆ, ಕಣತಲೆ ಮತ್ತು ಕುತ್ತಿಗೆಯ ಹಿಂಭಾಗಕ್ಕೆ ಸುಮಾರು 15 ನಿಮಿಷ ಇಡಿ. ಚರ್ಮಕ್ಕೆ ನೇರವಾಗಿ ಇಡಬಾರದು. ಮಳೆಗಾಲದಲ್ಲಿ ವಿದ್ಯುತ್ ಇಲ್ಲದೆ ಫ್ರಿಜ್ ನಿಂತಿದ್ದರೆ ಒದ್ದೆ ಟವೆಲನ್ನು ಹಿಂಡಿ ಬಳಸಬಹುದು. ಕೊಡಗಿನ ಜುಲೈ ತಿಂಗಳ ನೀರು ಇದಕ್ಕೆ ಸಾಕಷ್ಟು ತಣ್ಣಗಿರುತ್ತದೆ. ಕೆಲವರಿಗೆ ತಲೆಗೆ ತಂಪು, ಪಾದಕ್ಕೆ ಬಿಸಿನೀರು ಹಿತವೆನಿಸುತ್ತದೆ. ಸಾಧ್ಯವಾದರೆ ನಿದ್ರಿಸಿ. ನಿದ್ರೆಯಿಂದ ಬಾಧೆ ಇಳಿಯುವುದು, ಅದರಲ್ಲೂ ಮಕ್ಕಳಲ್ಲಿ, ಸಾಮಾನ್ಯ.

ವಾಕರಿಕೆಗೆ ಶುಂಠಿ ಒಳ್ಳೆಯದು. ಸೋಮವಾರಪೇಟೆ, ಕುಶಾಲನಗರದ ಕಡೆಯ ಗದ್ದೆಗಳಲ್ಲಿ ಬೆಳೆಯುವ ಈ ಶುಂಠಿಗೆ ತಲೆನೋವಿನ ಮೇಲೂ ಸ್ವಲ್ಪ ಪ್ರಭಾವವಿರಬಹುದು. 2014ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 100 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶುಂಠಿ ಪುಡಿಯನ್ನೂ ಇನ್ನೊಂದಕ್ಕೆ ಸುಮಾಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆಯನ್ನೂ ಕೊಟ್ಟಾಗ ಎರಡು ಗಂಟೆಯ ನಂತರ ಉಪಶಮನ ಹೆಚ್ಚುಕಡಿಮೆ ಸಮನಾಗಿ ಕಂಡಿತು. ಒಂದು ಸಣ್ಣ ಅಧ್ಯಯನದ ಮೇಲೆ ದೊಡ್ಡ ಭರವಸೆ ಕಟ್ಟಲಾಗದು. ಆದರೆ ಅರ್ಧ ಚಮಚಕ್ಕಿಂತ ಕಡಿಮೆ ಒಣಶುಂಠಿ ಪುಡಿಯನ್ನು ಬಿಸಿನೀರಿಗೆ ಹಾಕಿ ಸ್ವಲ್ಪ ಬೆಲ್ಲದೊಂದಿಗೆ ಕುಡಿಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮಾತ್ರ ವೈದ್ಯರನ್ನು ಕೇಳಬೇಕು.

ನೋವುನಿವಾರಕ ಮಾತ್ರೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ‘ನೈಸರ್ಗಿಕ’ ಎಂಬ ಹಟಕ್ಕೆ ಬಿದ್ದು ಮೂರು ದಿನ ವಾಂತಿ ಮಾಡಿಕೊಂಡು ಮಲಗುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಎಷ್ಟು ಪ್ರಮಾಣದಲ್ಲಿ ತಮಗೆ ಸುರಕ್ಷಿತ ಎಂಬುದನ್ನು ನೋವಿಲ್ಲದ ದಿನದಲ್ಲಿ ವೈದ್ಯರಿಂದ ತಿಳಿದುಕೊಂಡು, ನೋವಿನ ದಿನ ಆರಂಭದಲ್ಲೇ ಪೂರ್ಣ ಪ್ರಮಾಣವನ್ನು ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಗರ್ಭಾವಸ್ಥೆ ಇದ್ದವರಿಗೆ ಐಬುಪ್ರೊಫೆನ್ ಹೊಂದುವುದಿಲ್ಲ. ಇಲ್ಲೊಂದು ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಬೇಕು: ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಬಗೆಯ ಮೈಗ್ರೇನ್ ಮಾತ್ರೆ), ಎರ್ಗೋಟಮಿನ್ ಎಂಬ ಇನ್ನೊಂದು ಮೈಗ್ರೇನ್ ಔಷಧ ಅಥವಾ ಹಲವು ಔಷಧ ಸೇರಿದ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸಲು ತೊಡಗುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ‘ತಲೆನೋವಿನ ಗುಳಿಗೆ’ಗಳಲ್ಲಿ ಕೆಫೀನ್ ಬೆರೆಸಿರುವುದೂ ಉಂಟು. ಆದುದರಿಂದ ವಾರಕ್ಕೆ ಎರಡು ದಿನ ಎಂಬ ಮಿತಿಯೊಳಗಿರುವುದು ಕ್ಷೇಮ.

ಮೂರನೆಯ ಹೆಜ್ಜೆ: ತಲೆನೋವಿನ ದಿನಚರಿ ಪುಸ್ತಕ

ತೋಟದ ಮನೆಗಳಲ್ಲಿ ಮಳೆಯ ಲೆಕ್ಕವನ್ನು ತಪ್ಪದೆ ಬರೆದಿಡುವ ರೂಢಿ ಇದೆ. ಅದೇ ಪುಸ್ತಕದ ಪಕ್ಕದ ಕಾಲಂ ಸಾಕು. ಏಳುವ ಮತ್ತು ಮಲಗುವ ಹೊತ್ತು, ತಪ್ಪಿದ ಅಥವಾ ತಡವಾದ ಊಟ, ಕಾಫಿಯ ಲೋಟಗಳು, ಮುಟ್ಟಿನ ದಿನಗಳು, ನೋವು ಶುರುವಾದ ಸಮಯ, ಹತ್ತರಲ್ಲಿ ಎಷ್ಟು ತೀವ್ರ, ನುಂಗಿದ ಮಾತ್ರೆ ಇವಿಷ್ಟನ್ನು ಕನಿಷ್ಠ ಎರಡು ತಿಂಗಳು ಬರೆಯಿರಿ. ಮಳೆಯ ಅಂಕಿ ಹೇಗೂ ಅಲ್ಲೇ ಇರುತ್ತದೆ.

ಬರೆದದ್ದನ್ನು ಓದುವಾಗ ಅವಸರದ ತೀರ್ಮಾನ ಬೇಡ. ಚಾಕೊಲೇಟ್ ತಿಂದ ಮೇಲೆ ನೋವು ಬಂದರೆ ಚಾಕೊಲೇಟೇ ಕಾರಣ ಎನ್ನಿಸುತ್ತದೆ. ಆದರೆ ಸಿಹಿಯ ಆಸೆ ಮೈಗ್ರೇನ್‌ನ ಮುನ್ಸೂಚನೆಯೇ ಆಗಿರಬಹುದು, ಅಂದರೆ ಬಾಧೆ ಅದಾಗಲೇ ಶುರುವಾಗಿತ್ತು. ಹಾಗೆಯೇ ಹಬ್ಬದ ಮರುದಿನದ ತಲೆನೋವಿಗೆ ಪಂದಿಕರಿಯನ್ನೋ ಅದಕ್ಕೆ ಹಾಕಿದ ಕಾಚಂಪುಳಿಯನ್ನೋ ದೂರುವವರಿದ್ದಾರೆ. ಆ ರಾತ್ರಿ ಊಟ ಹನ್ನೊಂದು ಗಂಟೆಗಾಯಿತು, ನಿದ್ರೆ ಎರಡು ಗಂಟೆಗೆ, ಮಧ್ಯೆ ಮನೆಯಲ್ಲಿ ಮಾಡಿದ ವೈನ್ ಎರಡು ಗ್ಲಾಸು ಎಂಬುದು ಪುಸ್ತಕದಲ್ಲಿ ಬರೆದಿದ್ದರೆ ಅಪರಾಧಿ ಯಾರೆಂದು ಸ್ಪಷ್ಟವಾಗುತ್ತದೆ. ಮದ್ಯ, ಅದರಲ್ಲೂ ಕೆಂಪು ವೈನ್, ಅನೇಕರಿಗೆ ಮೈಗ್ರೇನ್ ತರಿಸುವುದು ನಿಜ. ಒಂದು ಆಹಾರ ಮತ್ತು ನೋವಿನ ನಡುವಿನ ನಂಟು ಹಲವು ಬಾರಿ ಕಾಣದ ಹೊರತು ಅದನ್ನು ತಟ್ಟೆಯಿಂದ ಕೈಬಿಡಬಾರದು. ಹೀಗೆ ಒಂದೊಂದಾಗಿ ಬಿಡುತ್ತಾ ಹೋದವರು ಕೊನೆಗೆ ಹಸಿವಿನಿಂದಲೇ ತಲೆನೋವು ತಂದುಕೊಳ್ಳುತ್ತಾರೆ.

ನಾಲ್ಕನೆಯ ಹೆಜ್ಜೆ: ಕಾಫಿಯ ಲೆಕ್ಕಾಚಾರ

ಕೊಡಗಿನಲ್ಲಿ ಮೈಗ್ರೇನ್ ಬಗ್ಗೆ ಬರೆದು ಕಾಫಿಯನ್ನು ಎರಡು ಸಾಲಿನಲ್ಲಿ ಮುಗಿಸಲಾಗದು. ಕೆಫೀನ್‌ಗೆ ಎರಡು ಮುಖಗಳಿವೆ. ನೋವಿನ ಆರಂಭದಲ್ಲಿ ಒಂದು ಸಣ್ಣ ಲೋಟ ಕಾಫಿ ನೋವನ್ನು ತಗ್ಗಿಸಬಹುದು, ಮಾತ್ರೆಯ ಕೆಲಸವನ್ನೂ ಚುರುಕುಗೊಳಿಸಬಹುದು. ದಿನವೂ ಅತಿಯಾಗಿ ಕುಡಿಯುವವರಲ್ಲಿ ಅದೇ ಕೆಫೀನ್ ಬಾಧೆಗಳನ್ನು ಹೆಚ್ಚಿಸುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ಎರಡರಿಂದ ಒಂಬತ್ತು ದಿನ ಕಾಡಬಹುದು. ಭಾನುವಾರ ತಡವಾಗಿ ಎದ್ದವರಿಗೆ ಬರುವ ತಲೆನೋವಿಗೂ ಉಪವಾಸದ ದಿನದ ತಲೆನೋವಿಗೂ ತಪ್ಪಿದ ಕಾಫಿಯೇ ಒಂದು ಕಾರಣವಾಗಿರುತ್ತದೆ. ಅಮೆರಿಕದಲ್ಲಿ 98 ಮಂದಿ ಮೈಗ್ರೇನ್ ರೋಗಿಗಳ ದಿನಚರಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ಕೆಫೀನ್ ಪಾನೀಯ ಕುಡಿದ ದಿನಗಳಲ್ಲಿ ಮೈಗ್ರೇನ್ ಸಾಧ್ಯತೆ ಹೆಚ್ಚಿತ್ತು. ಒಂದೆರಡು ಬಾರಿ ಕುಡಿದಾಗ, ಒಟ್ಟಾರೆಯಾಗಿ, ಹಾಗೆ ಕಾಣಲಿಲ್ಲ.

ಲೋಟ ಎಣಿಸಿದರಷ್ಟೇ ಸಾಲದು, ಲೋಟದೊಳಗೆ ಏನಿದೆ ಎಂಬುದೂ ಮುಖ್ಯ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪದ ಕಡೆಯ ಮನೆಗಳಲ್ಲಿ ಸ್ವಂತ ತೋಟದ ರೊಬಸ್ಟಾವನ್ನೇ ಹುರಿದು ಪುಡಿ ಮಾಡಿಸಿ, ಚಿಕೋರಿ ಬೆರೆಸದೆ, ಬೆಲ್ಲ ಹಾಕಿ ಕಪ್ಪಾಗಿ ಕುಡಿಯುವುದು ರೂಢಿ. ಅಂಥ ಎರಡು ಲೋಟ ಪೇಟೆಯ ಚಿಕೋರಿ ಮಿಶ್ರಣದ ನಾಲ್ಕು ಲೋಟಕ್ಕೆ ಸಾಟಿಯಾಗಬಲ್ಲದು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಊರಿನಿಂದ ಬೆಂಗಳೂರಿಗೆ ಹೋದ ಮಕ್ಕಳಿಗೆ ಮೊದಲ ವಾರ ತಲೆನೋವು ಬಂದರೆ ಹವೆಯ ಬದಲಾವಣೆಯ ಜೊತೆಗೆ ಪುಡಿಯ ಬದಲಾವಣೆಯನ್ನೂ ಅನುಮಾನಿಸಬೇಕು.

ತಲೆನೋವು ತಜ್ಞರು ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್. ಮನೆಯ ಭಾಷೆಯಲ್ಲಿ ಅದನ್ನು ಬೆಳಿಗ್ಗೆ ಒಂದು, ಮಧ್ಯಾಹ್ನಕ್ಕೆ ಮುಂಚೆ ಒಂದು ಸಣ್ಣ ಲೋಟ ಎಂದು ಇಟ್ಟುಕೊಳ್ಳಬಹುದು, ಮತ್ತು ಎರಡನ್ನೂ ದಿನವೂ ಅದೇ ಹೊತ್ತಿಗೆ ಕುಡಿಯಬೇಕು. ಈಗ ಐದಾರು ಲೋಟ ಕುಡಿಯುವವರು ಒಮ್ಮೆಗೇ ಇಳಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಲೋಟದಂತೆ ಕಡಿಮೆ ಮಾಡುತ್ತಾ, ಪುಡಿಗೆ ಸ್ವಲ್ಪ ಸ್ವಲ್ಪ ಅರೇಬಿಕಾ ಬೆರೆಸುತ್ತಾ ಬಂದರೆ ಮೂರು ನಾಲ್ಕು ವಾರಗಳಲ್ಲಿ ತೊಂದರೆಯಿಲ್ಲದೆ ಗುರಿ ತಲುಪಬಹುದು. ಸಂಜೆಯ ನೆಂಟರ ಉಪಚಾರಕ್ಕೆ ನಿಂಬೆ ಶರಬತ್ತೋ ಜೀರಿಗೆ ಕಷಾಯವೋ ಇರಲಿ. ಕಾಫಿ ಬೇಡವೆಂದರೆ ಮುನಿಸಿಕೊಳ್ಳುವ ನೆಂಟರಿಗೆ ತಲೆನೋವಿನ ಕಾರಣ ಹೇಳಿದರೆ ಸಾಕಾಗುತ್ತದೆ.

ಐದನೆಯ ಹೆಜ್ಜೆ: ನಿದ್ರೆ, ಊಟ, ನೀರು

ವಾರದ ಏಳೂ ದಿನ ಒಂದೇ ಹೊತ್ತಿಗೆ ಏಳಬೇಕು. ರಜೆಯ ದಿನವೂ ಇದಕ್ಕೆ ಹೊರತಲ್ಲ. ರಾತ್ರಿ ತಡವಾದರೂ ಬೆಳಗಿನ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಬದಲಿಸದೆ, ಮಧ್ಯಾಹ್ನ ಅರ್ಧ ಗಂಟೆ ಮಲಗಿ ಸರಿದೂಗಿಸಬಹುದು. ಜೋರಾಗಿ ಗೊರಕೆ ಹೊಡೆಯುವವರಿಗೆ ಬೆಳಿಗ್ಗೆ ಏಳುವಾಗಲೇ ತಲೆನೋವು ಇರುವುದಾದರೆ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಎದ್ದು ಒಂದು ಗಂಟೆಯೊಳಗೆ ತಿಂಡಿ, ನಂತರ ಹಗಲಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬಾರದು. ನೂಪುಟ್ಟು, ಕಡುಂಬುಟ್ಟು, ಅಕ್ಕಿ ರೊಟ್ಟಿ ಇವು ರುಚಿಯಾದರೂ ಬರೀ ಅಕ್ಕಿ. ಬೇಗ ಜೀರ್ಣವಾಗಿ ಹಸಿವು ಮರಳುತ್ತದೆ. ಮೊಟ್ಟೆ, ಕಡಲೆ, ಹೆಸರುಕಾಳಿನ ಪಲ್ಯ ಅಥವಾ ಮೀನು ಜೊತೆಗಿದ್ದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಕುಯ್ಲಿನ ದಿನಗಳಲ್ಲಿ ಕೂಲಿಯವರಾಗಲಿ, ತೋಟದ ಲೆಕ್ಕ ಬರೆಯುವ ರೈಟರ್ ಆಗಲಿ, ಕಣದಲ್ಲಿ ನಿಂತು ತೂಕ ಬರೆಸುವ ಮಾಲೀಕರಾಗಲಿ, ಜೇಬಿನಲ್ಲಿ ನೆಲಗಡಲೆ ಮತ್ತು ಬೆಲ್ಲದ ಪೊಟ್ಟಣ ಇಟ್ಟುಕೊಳ್ಳುವುದು ಒಳ್ಳೆಯದು. ಮೀನಿನ ಬಗ್ಗೆ ಒಂದು ಮಾತು: 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, 182 ಮಂದಿಯ ಮೇಲೆ 16 ವಾರ ನಡೆದ ಅಧ್ಯಯನದಲ್ಲಿ, ಮೀನಿನಲ್ಲಿರುವ ಒಮೆಗಾ-3 ಕೊಬ್ಬನ್ನು ಹೆಚ್ಚಿಸಿ, ಅಡುಗೆ ಎಣ್ಣೆಗಳ ಒಮೆಗಾ-6 ಕೊಬ್ಬನ್ನು ತಗ್ಗಿಸಿದವರಲ್ಲಿ ತಲೆನೋವಿನ ದಿನಗಳು ಗಣನೀಯವಾಗಿ ಇಳಿದವು. ಕಣ್ಣೂರು ಮತ್ತು ಮಂಗಳೂರಿನಿಂದ ಸಂತೆಗೆ ಬರುವ ಮತ್ತಿ, ಬಂಗುಡೆಗಳು ಇಂತಹ ಕೊಬ್ಬಿನ ಅಗ್ಗದ ಮೂಲ. ಅವುಗಳನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಹುರಿಯುವ ಬದಲು ಸಾರು ಮಾಡಿದರೆ ಉದ್ದೇಶ ಈಡೇರುತ್ತದೆ.

ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಸಾಕು. ಚಳಿ ಮಳೆಯಲ್ಲಿ ಬಾಯಾರಿಕೆಯೇ ಆಗದಿರುವುದರಿಂದ ಬಿಸಿನೀರಿನ ಫ್ಲಾಸ್ಕನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಕೊಡಗಿನ ವರ್ಷವನ್ನು ಮುಂದಾಗಿ ಯೋಚಿಸಿ

ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಬೆಳೆಗಾರರಿಗೆ ಸಂಭ್ರಮದ ಆ ಗಾಢ ಪರಿಮಳ ಮೈಗ್ರೇನ್ ಇರುವ ಕೆಲವರಿಗೆ ತಲೆ ಎತ್ತಲಾಗದ ಬಾಧೆ. ಬಲವಾದ ವಾಸನೆಗಳು ಬಾಧೆಯನ್ನು ಎಬ್ಬಿಸುವುದು ತಿಳಿದಿರುವ ಸಂಗತಿ. ಹೂವು ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಅಷ್ಟು ದಿನ ತೋಟದ ಬದಿಯ ಕಿಟಕಿ ಮುಚ್ಚಿ, ಹೊರಗೆ ಹೋಗುವಾಗ ಮಾಸ್ಕ್ ಧರಿಸಿ, ನಿದ್ರೆ ಮತ್ತು ಊಟವನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು. ಅದೇ ತಿಂಗಳುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಸಿಲ್ವರ್ ಓಕ್ ಸಾಲಿನ ನಡುವಿನ ರಸ್ತೆಯಲ್ಲಿ ವಾಹನ ಓಡಿಸುವಾಗ ಮರಗಳ ಎಡೆಯಿಂದ ಬಿಸಿಲು ಮಿಣುಕುತ್ತದೆ. ಈ ಮಿಣುಕು ಬೆಳಕು ಬರೀ ಬಿಸಿಲಿಗಿಂತ ಕೆಟ್ಟದ್ದು. ತಂಪು ಕನ್ನಡಕ ಮತ್ತು ಅಂಚಿರುವ ಟೋಪಿ ನೆರವಾಗುತ್ತವೆ. ಮನೆಯೊಳಗೆ ಮಾತ್ರ ತಂಪು ಕನ್ನಡಕ ಬೇಡ, ಕಣ್ಣು ಕತ್ತಲೆಗೆ ಒಗ್ಗಿಕೊಂಡರೆ ಬೆಳಕಿನ ಕಿರಿಕಿರಿ ಇನ್ನೂ ಬೆಳೆಯುತ್ತದೆ.

ಮಳೆಗಾಲದ ಮೋಡ, ವಾಯುಭಾರದ ಇಳಿತಗಳನ್ನು ನಾವು ಬದಲಿಸಲಾರೆವು. ಬದಲಿಸಬಹುದಾದ ಒಂದು ಸಂಗತಿ ತಲೆಸ್ನಾನ. ತಲೆಗೆ ನೀರು ಹಾಕಿಕೊಂಡ ಬಳಿಕ ಮೈಗ್ರೇನ್ ಬರುವುದು ಭಾರತೀಯ ಮಹಿಳೆಯರಲ್ಲಿ ಕಂಡುಬಂದಿದ್ದು, ಭಾರತದ ವೈದ್ಯರು ಅದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಉದ್ದ ಕೂದಲು ಆಷಾಢದಲ್ಲಿ ಒಣಗುವುದೇ ಇಲ್ಲ. ತಿಂಡಿ ತಿಂದ ಮೇಲೆ, ಹಗಲಿನಲ್ಲಿ ಸ್ನಾನ ಮಾಡಿ ಕೂಡಲೇ ಟವೆಲಿನಿಂದ ಒತ್ತಿ ಒಣಗಿಸಬೇಕು. ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟಬಾರದು. ಬಚ್ಚಲೊಲೆಯ ಹೊಗೆ ಕೂಡ ಕೆಲವರಿಗೆ ಆಗುವುದಿಲ್ಲವಾದ್ದರಿಂದ ಒಲೆಗೆ ಸೌದೆ ಹಾಕುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ.

ಘಾಟಿ ಪ್ರಯಾಣದ ವಾಂತಿ ಮತ್ತು ಮೈಗ್ರೇನ್ ಹತ್ತಿರದ ನೆಂಟರು. ಸಂಪಾಜೆಗೆ ಇಳಿಯುವಾಗ, ಮಾಕುಟ್ಟದ ತಿರುವುಗಳಲ್ಲಿ, ಭಾಗಮಂಡಲದ ಕಡೆ ಹೋಗುವಾಗ ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆಯನ್ನೇ ನೋಡಿ, ಮೊಬೈಲ್ ಮುಟ್ಟಬೇಡಿ. ತುಲಾ ಸಂಕ್ರಮಣದ ತೀರ್ಥೋದ್ಭವ ಕೆಲವು ವರ್ಷ ನಡುರಾತ್ರಿಗೆ ಬರುತ್ತದೆ. ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆಯಂತೂ ಇಡೀ ರಾತ್ರಿ ಬೆಳಕು, ಹೊಗೆ ಮತ್ತು ಎದೆ ನಡುಗಿಸುವ ಧ್ವನಿವರ್ಧಕಗಳೊಂದಿಗೆ ಸಾಗುತ್ತದೆ. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡಿನ ಸದ್ದಿದೆ. ಇವುಗಳನ್ನೆಲ್ಲ ಬಿಡಬೇಕೆಂದು ಯಾರೂ ಹೇಳಲಾರರು. ಆ ದಿನ ಮಧ್ಯಾಹ್ನ ಒಂದೆರಡು ಗಂಟೆ ನಿದ್ರಿಸಿ, ಸಂಜೆ ಏಳೂವರೆಗೇ ಊಟ ಮುಗಿಸಿ, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್ ಇಟ್ಟು, ಮದ್ಯವನ್ನು ಬಿಟ್ಟು ಹೋದರೆ ಹಬ್ಬವೂ ಆಗುತ್ತದೆ, ಮರುದಿನವೂ ಉಳಿಯುತ್ತದೆ. ಒಂದೇ ರಾತ್ರಿ ನಿದ್ರೆಗೇಡು, ಹಸಿವು, ಮದ್ಯ ಮೂರೂ ಸೇರಲು ಬಿಡಬಾರದು ಎಂಬುದಷ್ಟೇ ನಿಯಮ.

ಏಳನೆಯ ಹೆಜ್ಜೆ: ವ್ಯಾಯಾಮ ಮತ್ತು ಯೋಗ

ಸ್ವೀಡನ್ನಿನ 2011ರ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರು ಬಾರಿ 40 ನಿಮಿಷಗಳ ವ್ಯಾಯಾಮ, ವಿಶ್ರಾಂತಿಯ ಅಭ್ಯಾಸ ಮತ್ತು ಟೊಪಿರಾಮೇಟ್ ಎಂಬ ತಡೆ ಔಷಧವನ್ನು ಹೋಲಿಸಿದಾಗ ಮೂರರ ಫಲವೂ ಸಮೀಪದಲ್ಲಿತ್ತು. ದೆಹಲಿಯ ಏಮ್ಸ್ ವೈದ್ಯರು 114 ಮಂದಿಯ ಮೇಲೆ ಮೂರು ತಿಂಗಳು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧದ ಜೊತೆಗೆ ಯೋಗ ಮಾಡಿದವರಲ್ಲಿ ಬಾಧೆಯ ಸಂಖ್ಯೆಯೂ ತೀವ್ರತೆಯೂ ಬರೀ ಔಷಧ ಪಡೆದವರಿಗಿಂತ ಹೆಚ್ಚು ಇಳಿದವು. ಯೋಗ ಔಷಧದ ಜೊತೆಗಿತ್ತು, ಬದಲಿಗಲ್ಲ ಎಂಬುದನ್ನು ಗಮನಿಸಬೇಕು.

ತೋಟದ ಏರುದಾರಿಯಲ್ಲಿ ಬಿರುಸು ನಡಿಗೆ ಸಾಕು, ಆದರೆ ಮೊದಲ ಹತ್ತು ನಿಮಿಷ ನಿಧಾನವಾಗಿರಬೇಕು. ಒಮ್ಮೆಗೇ ಏದುಸಿರು ಬರುವಂತೆ ಹತ್ತಿದರೆ ಅದೇ ಬಾಧೆಯನ್ನು ತರಬಹುದು. ಆನೆ ಓಡಾಡುವ ಜಾಗಗಳಲ್ಲಿ ಮುಂಜಾನೆ ಮುಸ್ಸಂಜೆಯ ನಡಿಗೆ ಬೇಡ. ಮಳೆ ಬಿಡದ ದಿನಗಳಲ್ಲಿ ಮನೆಯ ಜಗಲಿಯಲ್ಲೇ ಕುತ್ತಿಗೆ ಮತ್ತು ಭುಜದ ಸಡಿಲಿಕೆ, ಮಾರ್ಜಾಲಾಸನ, ಬಾಲಾಸನ, ಹತ್ತು ನಿಮಿಷ ನಿಧಾನದ ನಾಡಿಶೋಧನ ಮಾಡಬಹುದು. ನೋವಿರುವಾಗ ತಲೆಕೆಳಗಾದ ಆಸನ, ಕಪಾಲಭಾತಿ ಬೇಡ.

ಪೂರಕಗಳು ಮತ್ತು ಮನೆಮದ್ದುಗಳು

ಪೂರಕಗಳಲ್ಲಿ ಸ್ವಲ್ಪವಾದರೂ ಪುರಾವೆಯಿರುವುದು ಮೆಗ್ನೀಸಿಯಂ ಮತ್ತು ರೈಬೋಫ್ಲೇವಿನ್‌ಗೆ, ಅಂದರೆ ಬಿ2 ಜೀವಸತ್ವಕ್ಕೆ. ಅಧ್ಯಯನಗಳಲ್ಲಿ ಬಳಸಿರುವುದು ದಿನಕ್ಕೆ 400ರಿಂದ 600 ಮಿಲಿಗ್ರಾಂ ಮೆಗ್ನೀಸಿಯಂ ಮತ್ತು 400 ಮಿಲಿಗ್ರಾಂ ರೈಬೋಫ್ಲೇವಿನ್. ಫಲ ತಿಳಿಯಲು ಮೂರು ತಿಂಗಳು ಬೇಕು. ಮೊದಲನೆಯದರಿಂದ ಭೇದಿಯಾಗಬಹುದು, ಎರಡನೆಯದರಿಂದ ಮೂತ್ರ ಗಾಢ ಹಳದಿಯಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮೆಗ್ನೀಸಿಯಂ ಮುಟ್ಟಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ರಾಗಿ, ಎಳ್ಳು, ಕುಂಬಳದ ಬೀಜ, ಸೊಪ್ಪುಗಳಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ. ಬಟರ್‌ಬರ್ ಎಂಬ ಗಿಡದ ಮಾತ್ರೆ ಅಂತರ್ಜಾಲದಲ್ಲಿ ಮಾರಾಟಕ್ಕಿದ್ದರೂ ಯಕೃತ್ತಿಗೆ ಹಾನಿಯಾಗುವ ಭಯವಿರುವುದರಿಂದ ಅದರ ಶಿಫಾರಸನ್ನು ತಜ್ಞರು ಹಿಂದೆಗೆದುಕೊಂಡಿದ್ದಾರೆ.

ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಣ್ಣುವುದು ಕೊಡಗಿನ ಚೆಂದದ ಆಚರಣೆ. ಅದನ್ನು ಹಬ್ಬವಾಗಿ ಉಣ್ಣಿ. ಮೈಗ್ರೇನ್‌ಗೆ ಮದ್ದೆಂದು ವರ್ಷವಿಡೀ ಕಷಾಯ ಮಾಡಿ ಕುಡಿಯಲು ಆಧಾರವಿಲ್ಲ. ಹಣೆಗೆ ಗಂಧ, ಒಣಶುಂಠಿಯ ಲೇಪ ಹಚ್ಚುವುದರಿಂದ ತಂಪೋ ಬಿಸಿಯೋ ಹಿತ ಸಿಗುತ್ತದೆ, ಹಾನಿಯಿಲ್ಲ. ನೀಲಗಿರಿ ಎಣ್ಣೆ ಮತ್ತು ಘಾಟಿನ ಮುಲಾಮುಗಳ ವಾಸನೆ ಕೆಲವರಿಗೆ ನೋವನ್ನು ಹೆಚ್ಚಿಸುತ್ತದೆ, ಆದುದರಿಂದ ನೋವಿಲ್ಲದ ದಿನ ಪರೀಕ್ಷಿಸಿ ನೋಡಬೇಕು. ಮೂಗಿಗೆ ಸೊಪ್ಪಿನ ರಸ, ಮೆಣಸಿನ ನೀರು ಹಿಂಡುವುದನ್ನು ಮಾಡಲೇಬಾರದು.

ಮಹಿಳೆಯರು ಮತ್ತು ಮಕ್ಕಳು

ಮೈಗ್ರೇನ್ ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ ಈಸ್ಟ್ರೊಜನ್ ಇಳಿಯುವುದರಿಂದ ಬಾಧೆ ಸುಲಭವಾಗಿ ಬರುತ್ತದೆ. ಪುಸ್ತಕದಲ್ಲಿ ಈ ನಂಟು ಕಂಡವರು ಆ ಐದು ದಿನ ಉಪವಾಸ, ದೂರ ಪ್ರಯಾಣ, ತಲೆಸ್ನಾನಗಳನ್ನು ಸಾಧ್ಯವಾದಷ್ಟು ಮುಂದೂಡಲಿ. ಆರಾ ಸಹಿತ ಮೈಗ್ರೇನ್ ಇರುವವರು ಈಸ್ಟ್ರೊಜನ್ ಇರುವ ಗರ್ಭನಿರೋಧಕ ಗುಳಿಗೆ ಸೇವಿಸಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಧೂಮಪಾನವೂ ಸೇರಿದರೆ ಅಪಾಯ ಮತ್ತಷ್ಟು. ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಕ್ಕಳಲ್ಲಿ ನೋವು ಹಣೆಯ ಎರಡೂ ಬದಿಗೆ ಬರಬಹುದು, ಕಡಿಮೆ ಹೊತ್ತು ಇರಬಹುದು, ಕೆಲವೊಮ್ಮೆ ಹೊಟ್ಟೆನೋವಾಗಿಯೇ ಕಾಣಿಸಬಹುದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಮನೆಯ ಉಪಾಯ ಸಾಲದಿದ್ದಾಗ

ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ ತಲೆನೋವಿದ್ದರೆ, ಅಥವಾ ಕಡಿಮೆ ದಿನವಿದ್ದರೂ ಹಾಸಿಗೆ ಹಿಡಿಸುವಷ್ಟು ತೀವ್ರವಾಗಿದ್ದರೆ ತಡೆ ಔಷಧದ ಬಗ್ಗೆ ವೈದ್ಯರೊಂದಿಗೆ ಮಾತನಾಡುವ ಕಾಲ ಬಂದಿದೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಾಮೇಟ್ ಮುಂತಾದವು ಹಳೆಯ, ಪಳಗಿದ ಔಷಧಗಳು. ಆಸ್ತಮಾ ಇರುವವರಿಗೆ ಮೊದಲನೆಯದು ಆಗದು, ಗರ್ಭ ಧರಿಸಲಿರುವವರಿಗೆ ಕೊನೆಯದು ಆಗದು. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಮೈಸೂರಿನಲ್ಲಿಯೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ನರರೋಗ ತಜ್ಞರನ್ನು ಕಾಣಬಹುದು. ಹೋಗುವಾಗ ದಿನಚರಿ ಪುಸ್ತಕ, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಸೇವಿಸಿದ ಆಯುರ್ವೇದ ಅಥವಾ ಹೋಮಿಯೋಪತಿ ಔಷಧಗಳ ಹೆಸರು, ದಿನಕ್ಕೆ ಎಷ್ಟು ಲೋಟ ಯಾವ ಕಾಫಿ ಎಂಬ ಲೆಕ್ಕ, ಇವಿಷ್ಟನ್ನು ಜೊತೆಗೆ ಒಯ್ಯಿರಿ. ಬಾಧೆ ಬಂದಾಗ ನಿಮ್ಮನ್ನು ನೋಡಿಕೊಳ್ಳುವ ಮನೆಯವರೊಬ್ಬರು ಜೊತೆಗಿರುವುದೂ ಒಳ್ಳೆಯದು, ಏಕೆಂದರೆ ನೋವಿನ ಹೊತ್ತಿನಲ್ಲಿ ಮಾತು ತಡವರಿಸಿತ್ತೇ, ಮುಖ ಬಿಳಿಚಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವರಿಗೇ.